ಕಾರಣಾಂತರದಿಂದ

ಈ ಸೋಮವಾರದ ವಚನ ನಮ್ಮ ಮನೆಯಲ್ಲಿ ಆಗಬೇಕಿತ್ತು, ನಮ್ಮನ್ನು ಕೇಳದೆ ಅದನ್ನು ತೀರ್ಥಮ್ಮನ ಮನೆಗೆ ಬದಲಾಯಿಸಿದರು. ಊದುಬತ್ತಿಯ ಹೊಗೆ, ಅದರ ಅಡಿಯಲ್ಲಿ ಈರುಳ್ಳಿಯ ಘಾಟು, ತೀರ್ಥಮ್ಮನ ನಡುಮನೆಯ ಮೂಲೆಯಲ್ಲಿ ಈರುಳ್ಳಿ ಚೀಲ ಒಟ್ಟಿದ್ದಾರೆ, ಅದರ ಪಕ್ಕದಲ್ಲಿ ಹೊಲಿಗೆ ಮಿಷನ್ನು, ಉಳಿದ ಜಾಗದಲ್ಲಿ ನಾವು ಮಂಡಿಗೆ ಮಂಡಿ ತಾಗಿಸಿಕೊಂಡು ಕೂತಿದ್ದೇವೆ, ಎಲ್ಲರೂ ಕಣ್ಣು ಮುಚ್ಚಿದ್ದೇವೆ, ಮೊದಲು ಮೌನ ಆಮೇಲೆ ವಚನ, ಅದು ಇಲ್ಲಿಯ ಕ್ರಮ, ರುದ್ರಮೂರ್ತಿಯವರು ಗಂಟೆ ಬಾರಿಸುವ ತನಕ ಯಾರೂ ಕಣ್ಣು ಬಿಡುವಂತಿಲ್ಲ — ಹಿಂದೆ ಯಾರೋ ಆಗಲೇ ಸಣ್ಣಗೆ ಗೊರಕೆ ತೆಗೆದಿದ್ದಾರೆ, ಅವರ ಧ್ಯಾನ ನಮಗಿಂತ ಮುಂದೆ ಹೋಗಿದೆ — ಉಸಿರು ಗಮನಿಸಿ ಅನ್ನುತ್ತಾರೆ, ಗಮನಿಸುತ್ತೇನೆ, ಒಳಗೆ ಹೋಗುತ್ತದೆ, ಅಲ್ಲೇ ನಿಂತುಬಿಡುತ್ತದೆ, ಯಾಕೆಂದರೆ ಗಂಟೆಯಾದ ಮೇಲೆ ನಾನು ಎದ್ದು ನಿಂತು ಒಂದು ಮಾತು ಹೇಳಬೇಕಂತೆ, ಬಾಗಿಲಲ್ಲೇ ನಿಲ್ಲಿಸಿಕೊಂಡು ರುದ್ರಮೂರ್ತಿಯವರು ಹೇಳಿಕೊಟ್ಟರು, ಮಗ್ಗಿ ಹೇಳಿಕೊಡುವ ಹಾಗೆ ಮೆತ್ತಗೆ, ಅಮ್ಮನಿಗೆ ಹುಷಾರಿಲ್ಲ, ಅದಕ್ಕೆ ನಾನೇ ಸರದಿ ಬಿಟ್ಟುಕೊಟ್ಟೆ ಅಂದ್ಬಿಡಿ ತಾಯಿ, ಅಷ್ಟೇ, ಆಮೇಲೆ ಎಂದಿನ ಹಾಗೆ ನೀವು ಹಾಡಿ, ಯಾರಿಗೂ ಮುಜುಗರ ಬೇಡ. ಯಾರಿಗೂ ಅಂದರೆ ಯಾರು, ಅಮ್ಮ ಆ ಲೆಕ್ಕದಲ್ಲಿ ಇಲ್ಲವಾ, ಅಮ್ಮ ಹುಷಾರಾಗಿಯೇ ಇದ್ದಾಳೆ, ಎರಡು ಬೀದಿ ಆಚೆ ಹೊಸ ಜಮಖಾನ ಹಾಸಿಕೊಂಡು ಅದರ ಮೇಲೆ ಕೂರದೆ ಗೋಡೆಗೆ ಒರಗಿ ಕೂತಿದ್ದಾಳೆ, ಬರುವವರಿಗೆ ಹಾಸಿದ್ದು ಅದು, ಮಡಿಸು ಅಂದರೆ ಇರ್ಲಿ ತಗೋ ಮಗಾ ಅಂದಳು.

ಅಜ್ಜಂಪುರದಿಂದ ಕಡೂರು ಏನು ದೂರ, ಬೀರೂರು ದಾಟಿದರೆ ಬಂತು, ಇಷ್ಟು ಹತ್ತಿರದಲ್ಲಿ ಇಷ್ಟೊಂದು ಒಂಟಿಯಾಗಬಹುದು ಅಂತ ನನಗೆ ಯಾರೂ ಹೇಳಿರಲಿಲ್ಲ, ಅಪ್ಪ ಹೋದ ಮೇಲೆ ಅಮ್ಮನನ್ನು ಕರೆದುಕೊಂಡು ಬಂದೆ, ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ, ದಿನವೆಲ್ಲ ಜನರನ್ನು ಮುಟ್ಟುತ್ತೇನೆ, ತೋಳು ಚಾಚುತ್ತಾರೆ, ಮುಖ ಆ ಕಡೆ ತಿರುಗಿಸುತ್ತಾರೆ, ಸೂಜಿ ಕಂಡರೆ ಭಯ, ಹತ್ತಿ ಒತ್ತಿ ಹಿಡ್ಕೊಳ್ಳಿ ಅಂದರೆ ಒತ್ತಿ ಹಿಡಿದುಕೊಂಡು ಹೊರಟುಹೋಗುತ್ತಾರೆ, ನನ್ನ ಮುಖ ಹೇಗಿದೆ ಅಂತ ಈ ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ, ಸಂಜೆ ರೈಲ್ವೆ ಸ್ಟೇಷನ್ನಿಗೆ ಹೋಗಿ ಬೆಂಚಿನ ಮೇಲೆ ಕೂರುತ್ತಿದ್ದೆ, ಎಲ್ಲಿಗೂ ಹೋಗುವುದಕ್ಕಲ್ಲ, ಜನ ಮಾತಾಡುವುದು ಕೇಳಿಸಿಕೊಳ್ಳುವುದಕ್ಕೆ, ಒಬ್ಬ ಮುದುಕಿ ಯಾವ ಗಾಡಿಗಮ್ಮಾ ನೀನು ಅಂದಳು, ಸುಮ್ನೆ ಅಜ್ಜಿ ಅಂದೆ, ಸುಮ್ನೆ ಅಂತ ಒಂದು ಗಾಡಿ ಬಿಟ್ಟವ್ರಾ ಈಗ ಅಂದಳು, ಇಬ್ಬರೂ ನಕ್ಕೆವು, ಅಷ್ಟರಲ್ಲಿ ಅವಳ ಗಾಡಿ ಬಂತು. ಆಮೇಲೆ ಒಂದು ಬೆಳಿಗ್ಗೆ ರುದ್ರಮೂರ್ತಿಯವರ ತೋಳು ಬಂತು, ಕೊಬ್ಬರಿ ಮಂಡಿಯವರು, ಖಾಲಿ ಹೊಟ್ಟೆಯಲ್ಲಿ ಶುಗರ್ ನೋಡಿಸಲು ಬಂದಿದ್ದರು, ನಾನು ನರ ಹುಡುಕುತ್ತಾ ಗುನುಗುತ್ತಿದ್ದೆ, ಅವರೊಬ್ಬರೇ ಮುಖ ಈ ಕಡೆ ತಿರುಗಿಸಿದರು, ಏನಮ್ಮ ಅದು, ವಚನ ಅಲ್ವಾ, ಹೌದು ಸರ್ ಶಾಲೇಲಿ ಕಲ್ತಿದ್ದು, ಸರ್ ಅನ್ಬೇಡಿ ತಾಯಿ, ನಮ್ಮಲ್ಲಿ ಸರ್ರೂ ಇಲ್ಲ ಆಳೂ ಇಲ್ಲ, ಎಲ್ಲಾ ಶರಣರೇ, ಸೋಮವಾರ ಸಾಯಂಕಾಲ ಬನ್ನಿ. ಸೂಜಿ ಒಳಗೆ ಹೋಗಿದ್ದು ಅವರಿಗೆ ಗೊತ್ತೇ ಆಗಲಿಲ್ಲ, ಬನ್ನಿ ಅನ್ನುವ ಪದ ಕೇಳಿ ಎಷ್ಟು ತಿಂಗಳಾಗಿತ್ತೋ.

ಮೊದಲ ಸೋಮವಾರ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋಗಲೋ ಬೇಡವೋ ಅಂತ ನಿಂತಿದ್ದರೆ ತೀರ್ಥಮ್ಮ ಕೈ ಹಿಡಿದು ಎಳೆದುಕೊಂಡಳು, ಬಾರಮ್ಮ, ಏನು ಹೀಗೆ ಒಣಗಿದೀಯ, ಉಣ್ತೀಯೋ ಇಲ್ವೋ, ಕೂತ್ಕೋ ಇಲ್ಲಿ ನನ್ನ ಪಕ್ಕ, ಯಾರು ಏನು ಎತ್ತ ಅಂತ ಒಂದು ಮಾತು ಕೇಳಲಿಲ್ಲ, ಯಾರೂ ಕೇಳಲಿಲ್ಲ, ಅದಕ್ಕೇ ನಾನು ಮನಸೋತೆ, ನೋಡು ಇವರು ಕೇಳುವುದೇ ಇಲ್ಲ ಅಂತ. ತರೀಕೆರೆ ಹಾಸ್ಟೆಲಿನಲ್ಲಿ ನನ್ನ ಜೊತೆ ಓದುಕೂಟ ನಡೆಸುತ್ತಿದ್ದ ಹೇಮಶ್ರೀ ಫೋನಿನಲ್ಲಿ ಬೈದಳು, ಲೇ ಶ್ರುತಿ, ಅಷ್ಟೆಲ್ಲ ಓದಿ ಕೊನೆಗೆ ಭಜನೆಗೆ ಹೋಗಿ ಕೂತ್ಯಾ, ಏನು ಸಿಗುತ್ತೆ ಕಣೇ ನಿನಗಲ್ಲಿ, ಏನೂ ಬೇಡ ಕಣೇ, ಕಣ್ಣು ಮುಚ್ಕೊಂಡು ನಾಲ್ಕು ಜನರ ಪಕ್ಕದಲ್ಲಿ ಕೂತಿರಬೇಕು ಅನ್ಸುತ್ತೆ, ಕಣ್ಣು ಬಿಟ್ಟಾಗಲೂ ಅವರು ಅಲ್ಲೇ ಇರಬೇಕು, ಅಷ್ಟೇ ಅಂದೆ, ಅದಕ್ಕವಳು, ಯಾರು ಏನು ಅಂತ ಕೇಳಲಿಲ್ಲ ಅಂತೀಯಲ್ಲ, ಯಾಕೆ ಕೇಳಲಿಲ್ಲ ಅಂತ ಯೋಚಿಸಿದೀಯಾ, ವಚನ ಹಾಡ್ತಾಳೆ, ಉಚ್ಚಾರ ಚೆನ್ನಾಗಿದೆ, ಅಂದ್ಮೇಲೆ ನಮ್ಮೋಳೇ ಅಂತ ಅಂದ್ಕೊಂಡ್ಬಿಟ್ಟಿದಾರೆ, ಗೊತ್ತಿರೋದನ್ನ ಯಾರಾದ್ರೂ ಕೇಳ್ತಾರಾ, ಅವರು ನಿನ್ನ ಮನೆಗೆ ಬರೋವರೆಗೂ ಇರು. ಫೋನ್ ಇಟ್ಟೆ, ಅವಳ ಮೇಲೆ ಸಿಟ್ಟು ಬಂತು, ಹೊಟ್ಟೆಕಿಚ್ಚಿನವಳು ಅಂದುಕೊಂಡೆ, ಪ್ರತಿ ಸೋಮವಾರ ಒಬ್ಬೊಬ್ಬರ ಮನೆ, ಎಲ್ಲರ ಮನೆಯಲ್ಲೂ ಉಂಡೆ, ಎಲ್ಲರ ಮನೆಯ ದೀಪದ ಮುಂದೆ ಹಾಡಿದೆ, ಬೆನ್ನು ಸವರಿಸಿಕೊಂಡೆ, ಸುತ್ತು ಮುಗಿಯುತ್ತಾ ಬಂದು ನನ್ನದೊಂದೇ ಉಳಿದಾಗ ನಾನೇ ಕೈ ಎತ್ತಿದೆ, ಮುಂದಿನ ವಾರ ನಮ್ಮನೇಲಿ, ಆಗ್ಲಿ ಆಗ್ಲಿ ಅಂದರು, ಶ್ರಾವಣದಲ್ಲಿ ನಿಮ್ಮ ಮನೆ ಸರದಿ ಬಂತಲ್ಲ ಪುಣ್ಯ ಮಾಡಿದೀರಿ ಅಂದರು ರುದ್ರಮೂರ್ತಿಯವರು.

ವಚನದ ಪುಸ್ತಕ ಇಡುವ ಮಣೆ ಒಂದಿದೆ, ಹಲಸಿನ ಮರದ್ದು, ಅದು ಮನೆಯಿಂದ ಮನೆಗೆ ಹೋಗುತ್ತದೆ, ಯಾರ ಸರದಿಯೋ ಅವರ ಮನೆಗೆ ಅವತ್ತಿನ ಬೆಳಿಗ್ಗೆಯೇ ತಲುಪಬೇಕು, ಆ ಮನೆಯವರೇ ತೊಳೆದು ವಿಭೂತಿ ಹಚ್ಚಿ ಇಡಬೇಕು, ನಮ್ಮ ಗುಂಪಿನ ಕೋಮಲಾ ಹೊತ್ತುಕೊಂಡು ಬಂದಿದ್ದಳಂತೆ, ನಾನು ಲ್ಯಾಬಿನಲ್ಲಿದ್ದೆ, ಮಧ್ಯಾಹ್ನಕ್ಕೆ ರಜೆ ಹಾಕಿ ಬಂದಾಗ ಅಮ್ಮ ಹೇಳಿದ್ದು ಇದೆಲ್ಲ, ಕೈಗೆ ಕೊಟ್ಟಳು ಕಣೇ, ನಾನು ನಲ್ಲಿ ಹತ್ರ ಇಟ್ಕೊಂಡು ತೊಳ್ದೆ, ಸಂದು ಸಂದಿಗೂ ಕಡ್ಡಿ ಹಾಕಿ ತೊಳ್ದೆ, ಅಷ್ಟರಲ್ಲಿ ಆಯಮ್ಮ ಒಳಗೆ ಬಂದು ಎಲ್ಲಿ ಇಡೋದು ಅಂತ ನೋಡಿದ್ಲು, ಗೋಡೆ ಮೇಲೆ ನಿಮ್ಮಪ್ಪ ತಂದ ಬುದ್ಧನ ಫೋಟೋ ನೋಡಿದ್ಲು, ಅದಕ್ಕೆ ಯಾಕಮ್ಮ ಕುಂಕುಮ ಅಂದ್ಲು, ನಾನು ಎಲ್ಲ ದೇವ್ರಿಗೂ ಇಡ್ತೀನಿ ಕಣವ್ವ ಅಂದೆ, ಯಾವ ಕಡೆಯವ್ರು ನೀವು ಅಂದ್ಲು, ಅಜ್ಜಂಪುರದ ಕಡೆ, ಕೆರೆ ಆಚೆ ಹಟ್ಟಿ ನಮ್ದು, ನಮ್ಮನೆಯವ್ರು ಹನುಮಂತಯ್ಯ ಅಂದ್ರೆ ಯಾರಾದ್ರೂ ಹೇಳ್ತಾರೆ ಅಂದೆ, ಬಿಸಿಲಲ್ಲಿ ಬಂದವ್ಳೆ ಅಂತ ಪಾನಕ ಮಾಡಿ ಕೊಟ್ಟೆ, ಮುಟ್ಟಲಿಲ್ಲ ಮಗಾ, ಶ್ರಾವಣ ಸೋಮವಾರ ಕಣಮ್ಮ, ದೀಪ ಹಚ್ಚೋವರೆಗೂ ನೀರೂ ಮುಟ್ಟಲ್ಲ ಅಂದ್ಲು, ಎಂಥ ನಿಷ್ಠೆ ನೋಡು, ಆಮೇಲೆ ಮಣೆ ನೋಡಿ ಕಾಲು ಅಲ್ಲಾಡ್ತೈತೆ, ಸರಿ ಮಾಡಿಸ್ಕೊಂಡು ಬತ್ತೀನಿ ಅಂತ ಎತ್ಕೊಂಡು ಹೋದ್ಲು, ನೀರು ಸೋರ್ತಿತ್ತು, ಒರೆಸಿ ಕೊಡ್ತೀನಿ ತಾಳವ್ವ ಅಂದ್ರೂ ನಿಲ್ಲಲಿಲ್ಲ. ಅಮ್ಮ ಇದನ್ನೆಲ್ಲ ಖುಷಿಯಿಂದ ಹೇಳುತ್ತಿದ್ದಳು, ನಾನು ಕೇಳುತ್ತಾ ಕೇಳುತ್ತಾ ಬೆಳಿಗ್ಗೆ ಲ್ಯಾಬಿನ ಕಿಟಕಿಯಿಂದ ಕಂಡದ್ದನ್ನು ಮತ್ತೆ ಕಂಡೆ, ಎದುರಿನ ಬೇಕರಿಯಲ್ಲಿ ಕೋಮಲಾ ಕೂತಿದ್ದಳು, ತೊಡೆಯ ಮೇಲೆ ಮಣೆ, ಕೈಯಲ್ಲಿ ಕಾಫಿ ಲೋಟ, ಆಗ ನಾನು ಅಂದುಕೊಂಡದ್ದು, ಪಾಪ, ನಮ್ಮ ಮನೆಗೆ ಹೊರಟವಳು ಬಿಸಿಲಿಗೆ ದಣಿದು ಕೂತಿದ್ದಾಳೆ, ಕಿಟಕಿಯಿಂದ ಕೈ ಕೂಡ ಬೀಸಿದೆ, ಅವಳು ನೋಡಲಿಲ್ಲ, ನೋಡಲಿಲ್ಲ ಅಂತ ಅಂದುಕೊಂಡೆ.

ಅಮ್ಮ ಉಸಲಿಗೆ ಕಾಳು ಬೇಯಿಸುತ್ತಿದ್ದಾಗ ಗ್ರೂಪಿನಲ್ಲಿ ಮೆಸೇಜು ಬಂತು, ಶರಣು ಶರಣಾರ್ಥಿ, ಕಾರಣಾಂತರದಿಂದ ಇಂದಿನ ವಚನ ತೀರ್ಥಮ್ಮನವರ ಮನೆಯಲ್ಲಿ ನಡೆಯಲಿದೆ, ಕೆಳಗೆ ಕೈಮುಗಿದ ಚಿತ್ರಗಳು, ಒಂದರ ಹಿಂದೊಂದು, ಯಾರೂ ಏನು ಕಾರಣ ಅಂತ ಕೇಳಲಿಲ್ಲ, ಇವರು ಕೇಳುವುದೇ ಇಲ್ಲವಲ್ಲ. ಕಾರಣಾಂತರ, ಎಷ್ಟು ನುಣುಪಾದ ಮಾತು, ಮಣೆಯ ಮೇಲಿನ ನೀರು ಒರೆಸಿದ ಹಾಗೆ ನಮ್ಮನ್ನು ಒರೆಸುತ್ತದೆ, ಬಾಗಿಲಲ್ಲಿ ರುದ್ರಮೂರ್ತಿಯವರನ್ನು ಕೇಳಿದೆ, ಏನು ಕಾರಣ, ನಿಮ್ಮ ಮನೆ ಸಣ್ಣದು ತಾಯಿ, ಜನ ಹಿಡಿಸಲ್ಲ ಅಂದರು, ಈ ಈರುಳ್ಳಿ ಚೀಲಗಳನ್ನು ಬೆನ್ನ ಹಿಂದೆ ಇಟ್ಟುಕೊಂಡು ಅಂದರು, ನಾನು ಸುಮ್ಮನೆ ಚೀಲಗಳನ್ನು ನೋಡಿದೆ, ಅವರೂ ನೋಡಿದರು, ಆಮೇಲೆ ದನಿ ಇನ್ನೂ ತಗ್ಗಿಸಿ, ನಿಮ್ಮನ್ನ ಯಾರು ಬೇಡ ಅಂದ್ರು ತಾಯಿ, ನಿಮ್ಮ ಕಂಠ ನಮಗೆ ಬೇಕು, ಬನ್ನಿ, ಹಾಡಿ, ಪ್ರಸಾದ ತಗೊಳ್ಳಿ, ನನಗೆ ಅದೆಲ್ಲ ಇಲ್ಲ, ಹಿರಿಯರು ನಾಲ್ಕು ಜನ ಇದ್ದಾರೆ, ಒಪ್ಪಲ್ಲ, ಮನೆ ವಿಷಯ ಒಂದು ಬಿಟ್ಟುಬಿಡಿ, ಆ ಒಂದು ಮಾತು ನೀವೇ ಹೇಳ್ಬಿಟ್ರೆ ಎಲ್ಲ ಸಲೀಸು. ಕಂಠ ಬೇಕು. ಕಂಠ ಯಾವ ಮನೆಯಲ್ಲಿ ಉಂಡು ಬೆಳೆಯಿತೋ ಆ ಮನೆ ಬೇಡ. ಹೇಳಿಬಿಡಲೇ, ಒಂದೇ ಮಾತು, ಹೇಳಿದರೆ ಮುಂದಿನ ಸೋಮವಾರ ಇದೆ, ಅದರ ಮುಂದಿನದೂ ಇದೆ, ಹೇಳದಿದ್ದರೆ ಸ್ಟೇಷನ್ನಿನ ಬೆಂಚು, ತಿರುಗಿಸಿದ ಮುಖಗಳು, ಅಮ್ಮನಿಗಂತೂ ಗೊತ್ತಾಗುವುದಿಲ್ಲ, ಅವಳು ಇಲ್ಲಿಲ್ಲ, ನೀನಾದ್ರೂ ಹೋಗಿ ಹಾಡು ಹೋಗು ಅಂತ ಅವಳೇ ಕಳಿಸಿದ್ದು — ಪಕ್ಕದಲ್ಲಿ ತೀರ್ಥಮ್ಮನ ಉಸಿರು ಕೇಳಿಸುತ್ತಿದೆ, ಅವಳ ಮಂಡಿ ನನ್ನ ಮಂಡಿಗೆ ತಾಗಿದೆ, ಬೆಚ್ಚಗಿದೆ, ಅವಳಿಗೆ ಗೊತ್ತಾ, ಗೊತ್ತಿದ್ದೂ ಮಂಡಿ ಹಿಂದಕ್ಕೆ ಎಳೆದುಕೊಂಡಿಲ್ಲವಾ, ಗೊತ್ತಿಲ್ಲದೆ ಇಟ್ಟಿದ್ದಾಳಾ, ಕಣ್ಣು ಬಿಟ್ಟು ನೋಡಿಬಿಟ್ಟೆ, ಎಲ್ಲರ ಕಣ್ಣು ಮುಚ್ಚಿದೆ, ಎಷ್ಟು ಶಾಂತ ಮುಖಗಳು, ಎದುರಿಗೆ ಮಣೆ ನಿಂತಿದೆ, ಕಾಲು ನೆಟ್ಟಗಿದೆ, ಬೆರಳಿನಿಂದ ಮೆಲ್ಲಗೆ ಒತ್ತಿದೆ, ಅಲ್ಲಾಡಲಿಲ್ಲ.

ಗಂಟೆ. ಎಲ್ಲರೂ ಕಣ್ಣುಜ್ಜಿಕೊಂಡರು, ಗೊರಕೆಯವರು ಶಿವಾ ಅಂದರು, ರುದ್ರಮೂರ್ತಿಯವರು ನಗುಮುಖದಿಂದ ಮೊದಲು ನಮ್ಮ ಶ್ರುತಿಯವರು ಒಂದು ಮಾತು ಹೇಳ್ತಾರೆ ಅಂದರು, ಎದ್ದು ನಿಂತೆ, ಕೋಮಲಾ ತನ್ನ ಸೀರೆಯ ಅಂಚು ನೋಡಿಕೊಳ್ಳುತ್ತಿದ್ದಾಳೆ, ಹೇಳಿ ತಾಯಿ ಅಂದರು, ನಮ್ಮಮ್ಮ ಹುಷಾರಾಗಿದ್ದಾರೆ ಅಂದೆ, ನನ್ನ ದನಿ ಇಷ್ಟು ಜೋರಾಗಿ ಯಾಕೆ ಬಂತು, ನಾವು ಸರದಿ ಬಿಟ್ಟುಕೊಟ್ಟಿಲ್ಲ, ನೀವು ಮಣೆ ವಾಪಸು ತಗೊಂಡ್ರಿ, ಕಾರಣ ಏನು ಅಂತ ನೀವೇ ಹೇಳಿ ಅಂದೆ. ಏನಂತೆ, ಏನಾಯ್ತು ಅಂತ ತೀರ್ಥಮ್ಮ ಆ ಕಡೆ ಈ ಕಡೆ ನೋಡುತ್ತಿದ್ದಾಳೆ, ಅಯ್ಯೋ ಇವಳಿಗೆ ಗೊತ್ತೇ ಇಲ್ಲ, ಅಥವಾ ಈಗ ಗೊತ್ತಾಗುತ್ತಿದೆ, ಆಯ್ತು ತಾಯಿ ಅದನ್ನ ಆಮೇಲೆ ಮಾತಾಡೋಣ, ವಚನದ ಹೊತ್ತು ಮೀರುತ್ತೆ, ಕೂತ್ಕೊಂಡು ಶುರು ಮಾಡಿ ಅಂದರು ರುದ್ರಮೂರ್ತಿಯವರು, ಪುಸ್ತಕ ತೆರೆದು ನನ್ನ ಕಡೆ ತಿರುಗಿಸಿದರು, ಕೂತ್ಕಳೇ ಅಂತ ತೀರ್ಥಮ್ಮ ನನ್ನ ವೇಲಿನ ತುದಿ ಎಳೆದಳು, ಎಲ್ಲರೂ ತಾಳ ಹಾಕಲು ಕೈ ಜೋಡಿಸಿಕೊಂಡು ಕಾಯುತ್ತಿದ್ದಾರೆ, ಹಾಡಿ ತಾಯಿ ಅಂದರು ಮತ್ತೊಮ್ಮೆ, ಈ ಸಲ ನಗು ಇರಲಿಲ್ಲ.

ಹಾಡಲ್ಲ, ಅಂದೆ.