ಅಂಬಪ್ಪ ಕಿತ್ತಿಟ್ಟುಕೊಂಡ ಕೀಲು

ಸಿಂಧನೂರಿನ ಶೆಡ್ಡಿನ ಮುಂದೆ ಲಾರಿ ಬಂದು ನಿಂತಾಗ ಅಂಬಪ್ಪ ಭತ್ತ ಸುಲಿಯುವ ಯಂತ್ರದ ಅಡಿಯಲ್ಲಿ ಮಲಗಿ ಕೊನೆಯ ನಟ್ಟು ಬಿಗಿಯುತ್ತಿದ್ದ. ಗುಜರಿಯಿಂದ ತಂದ ಮೂರು ಯಂತ್ರಗಳಿಗೆ ಅವನೂ ಮಗಳು ಭಾರತಿಯೂ ಎರಡು ವರ್ಷ ಜೀವ ತುಂಬಿದ್ದರು. ಅವರ ದುಡಿಮೆಯೆಲ್ಲ ಆ ಮೂರರಲ್ಲೇ ಇತ್ತು. ಅವತ್ತು ಅವು ಮುಂಬೈ ಬಂದರಿಗೆ, ಅಲ್ಲಿಂದ ಹಡಗು ಹತ್ತಿ ತಾಂಜಾನಿಯಾಕ್ಕೆ ಹೋಗಬೇಕಿತ್ತು. ಹಿಂದೆ ಎರಡು ಸಲ ಭಾರತಿ ಆ ದೇಶದಲ್ಲಿ ಬೇರೆಯವರ ಮಿಲ್ಲು ಕೂಡಿಸಿಕೊಟ್ಟು ಬಂದಿದ್ದಳು. ಈಗ ಅಲ್ಲಿಯ ಜುಮಾ ಎಂಬವನ ಪಾಲುದಾರಿಕೆಯಲ್ಲಿ ಸ್ವಂತದ್ದು.

"ಸಹಿ ಹಾಕೂದೊಂದು ಉಳದೈತಪ," ಎಂದು ಭಾರತಿ ಪಾಲುದಾರಿಕೆಯ ಕಾಗದ ಓದಿ ಹೇಳಿದಳು. ಜಾಗ, ಕಟ್ಟಡ, ಯಂತ್ರ ಎಲ್ಲವೂ ಜುಮಾನ ಹೆಸರಿಗೆ. ಲಾಭ ಅರ್ಧರ್ಧ, ಬಾಯಿಮಾತಿನಲ್ಲಿ.

"ನಮ್ಮ ಹೆಸರೆಲ್ಲೈತಿ?"

"ಪರದೇಶದವ್ರಿಗೆ ಅಲ್ಲಿ ನೆಲ ಬರದು ಕೊಡಂಗಿಲ್ಲ. ಅದಕ್ಕ ಅವನ ಹೆಸರಿಗೆ. ಭಾಳ ಛಲೋ ಮನಷ್ಯಾ ಅದಾನ, ಅವರ ಮನಿಯಾಗ ಉಂಡೀನಿ."

ಅಂಬಪ್ಪ ಎದ್ದು ಸುತ್ತಿಗೆ ತೆಗೆದುಕೊಂಡ. ಗಾಲಿಯನ್ನು ದಂಡಕ್ಕೆ ಹಿಡಿದಿಡುವ ಉಕ್ಕಿನ ಕೀಲನ್ನು ಮೂರೂ ಯಂತ್ರಗಳಿಂದ ಬಡಿದು ತೆಗೆದು ಜೇಬಿಗೆ ಹಾಕಿಕೊಂಡ. ಅದಿಲ್ಲದೆ ಮೋಟಾರು ತಿರುಗಿದರೂ ಯಂತ್ರ ತಿರುಗದು.

"ಯಜಮಾನ್ರ, ಏನಿದು?" ಎಂದ ಲಾರಿಯವನು.

"ಚಾ ಕುಡಿಯಪ. ಸಂಜಿಗೆ ಬರತೀನಿ. ಭಾರತಿ, ಲಿಂಗಸುಗೂರಿಗೆ ನಡಿ. ವಕೀಲರ್ನ ಕೇಳೋಣು."

ಬಸ್ಸು ಮಸ್ಕಿಯಲ್ಲಿ ನಿಂತಿತು. ಎದುರಿಗೆ ಮಿರ್ಚಿ ಅಂಗಡಿ, ಬಾಣಲೆಯ ಮುಂದೆ ನರೆಗೂದಲ ಹೆಂಗಸು. ಪ್ರತಿ ಸಲ ಇಲ್ಲಿಗೆ ಬಂದಾಗ ಅಂಬಪ್ಪ ಮುಖ ತಿರುಗಿಸುತ್ತಿದ್ದ. ಇವತ್ತು ತಿರುಗಿಸಲಿಲ್ಲ.

"ಆಕಿ ಕೋಟಯ್ಯನ ಮಗಳು, ಅಮರೇಶ್ವರಿ. ಕೋಟಯ್ಯ ಆಂಧ್ರದಿಂದ ಬಂದ ವ್ಯಾಪಾರಸ್ಥ. ಒಕ್ಕಲುತನ ಇಲ್ಲದವ್ರು ಹೊಲ ತಗೊಳ್ಳಂಗಿಲ್ಲ ಅಂತ ಆಗ ಕಾಯ್ದೆ ಇತ್ತು. ದಢೇಸುಗೂರಾಗ ಕಾಲುವಿ ಬಾಜೂಕ ನಾಕೆಕರೆ ತನ್ನ ರೊಕ್ಕದಾಗ ನಮ್ಮಪ್ಪನ ಹೆಸರಿಗೆ ತಗೊಂಡ. ಕಾಗದಿಲ್ಲ, ಪತ್ರಿಲ್ಲ. ತಾನ ನಿಂತು ಮಡಿ ಕಟ್ಟಿದ, ನೀರು ಹಾಯ್ಸಿದ. ನಮ್ಮಪ್ಪ ಬದುಕಿರೂತನಾ ಒಂದು ಕಾಳು ಮುಟ್ಟಲಿಲ್ಲ."

"ಆಮ್ಯಾಲ?"

"ಅಪ್ಪ ಸತ್ತ. ಹೊಲ ನಮ್ಮ ಹೆಸರಿಗೆ ಬಂತು. ಕೋಟಯ್ಯ ಬಂದು ಕಟ್ಟಿಮ್ಯಾಲ ಕುಂತು, 'ನಿಮ್ಮಪ್ಪನ ಮಾತಿತ್ತಲ್ಲಪ್ಪಾ' ಅಂದ. 'ಕಾಗದ ತೋರ್ಸು' ಅಂದ ನಮ್ಮಣ್ಣ. ನಾ ನೆಲ ನೋಡಕೋತ ಕುಂತೆ. ನಾವೇನು ಕಳ್ಳರಲ್ಲ ಭಾರತಿ. ಛಲೋ ಮಂದೀನ ಇದ್ವಿ."

ಭಾರತಿ ಕೇಳಿದಳು, "ಆ ಹೊಲ ಏನಾತಪ?"

"ಮಾರಿದ್ವಿ. ನನ್ನ ಪಾಲಿನ ರೊಕ್ಕದಾಗ ನಮ್ಮ ಶೆಡ್ ಎದ್ದಿತು."

ಲಿಂಗಸುಗೂರಿನ ವಕೀಲೆ ನಂದಿನಿ ಕಾಗದ ಓದಿ ಕನ್ನಡಕ ತೆಗೆದಳು. "ಇದಕ್ಕ ಸಹಿ ಮಾಡಿದ್ರ ಯಂತ್ರ ದಾನ ಕೊಟ್ಟಂಗ ರೀ. ದಾರಿ ಐತಿ. ಅಲ್ಲಿ ಕಂಪನಿ ಮಾಡ್ರಿ, ಅದರಾಗ ನಿಮ್ಮ ಪಾಲು ಬರೀಸ್ರಿ. ನೆಲ ಕೊಳ್ಳಾಕ ಬರಂಗಿಲ್ಲ, ಖರೆ. ಆದ್ರ ಅಲ್ಲಿ ಸರಕಾರದ ಹೂಡಿಕಿ ಕಚೇರಿ ಮೂಲಕ ಇಷ್ಟು ವರ್ಷ ಅಂತ ಬಳಸೋ ಹಕ್ಕು ಕೇಳಬಹುದು. ಇಲ್ಲಿ ಬ್ಯಾಂಕಿಗೂ ಇದು ಹೂಡಿಕಿ ಅಂತ ಮೊದಲ ತಿಳಿಸಬೇಕು. ಅಲ್ಲೀ ವಕೀಲರ್ನೂ ಹಿಡೀರಿ. ಆ ದೇಶದ ಕಾಯ್ದೆ ನಾ ಪೂರಾ ಓದಿಲ್ಲ."

"ಎಷ್ಟು ದಿನಾ ಹಿಡೀತೈತ್ರಿ?" ಎಂದಳು ಭಾರತಿ.

"ಆರು ತಿಂಗಳಾದ್ರೂ ಬೇಕು."

"ಆಗಲಿ," ಎಂದ ಅಂಬಪ್ಪ.

ಹೊರಗೆ ಬೇವಿನ ಗಿಡದ ನೆರಳಲ್ಲಿ ಭಾರತಿ ಜುಮಾನಿಗೆ ಫೋನು ಹಚ್ಚಿದಳು. ಆ ಕಡೆಯ ದನಿ ಏರಿತು. "ನಂಬಿಕಿ ಇಲ್ಲೇನು ಅಂತ ಕೇಳಾಕತ್ತಾನ."

"ಅವನ ಮ್ಯಾಲ ನಂಬಿಕಿ ಐತಿ ಅನ್ನು. ಅವನ ಮಕ್ಕಳು ನನಗ ಗೊತ್ತಿಲ್ಲ. ನಾನೂ ಒಬ್ಬ ಛಲೋ ಮನಷ್ಯಾನ ಮಗನ ಇದ್ದೆ ಅನ್ನು. ಕೋಟಯ್ಯಂದು ಪೂರಾ ಹೇಳು, ಏನೂ ಬಿಡಬ್ಯಾಡ."

ಭಾರತಿ ಹೇಳಿದಳು. ಆಮೇಲೆ ಅವಳ ಮುಖ ಸಡಿಲಾಯಿತು. "'ನನಗ ನಾಕು ಮಂದಿ ಅಣ್ಣತಮ್ಮಂದಿರು ಅದಾರ, ಬರೀಸಿಬಿಡೋಣು' ಅಂತಾನ."

ತಿರುಗಿ ಬರುವಾಗ ಅಂಬಪ್ಪ ಮಸ್ಕಿಯಲ್ಲಿ ಇಳಿದುಬಿಟ್ಟ. "ನೀ ನಡಿ. ಲಾರಿ ಖಾಲಿ ಕಳಸು. ನಾ ಹಿಂದ ಬರೂ ಬಸ್ಸಿಗೆ ಬರತೀನಿ."

ಜೇಬಿನ ಕೀಲುಗಳು ತೊಡೆಗೆ ತಾಗುತ್ತಿದ್ದವು. ಬಾಣಲೆಯ ಮುಂದೆ ಹೋಗಿ ನಿಂತ.

"ತಂಗೀ, ನಾ ಅಂಬಪ್ಪ. ದಢೇಸುಗೂರವ."

ಅಮರೇಶ್ವರಿ ತಲೆ ಎತ್ತದೆ ಮಿರ್ಚಿ ಮಗುಚಿದಳು. "ಗೊತ್ತೈತಿ. ಬಸ್ಸಿನ ಕಿಡಕ್ಯಾಗ ನೋಡೇ ನೋಡೀನಿ. ಇಷ್ಟು ವರ್ಷಕ್ಕ ಇವತ್ತ ಇಳಿದ್ರ್ಯಾ?"

"ಇಳಿದೆ. ನಿಮ್ಮಪ್ಪನ ಹೊಲದ ಲೆಕ್ಕ ಮಾತಾಡೂದೈತಿ," ಎಂದು ಅಂಬಪ್ಪ ಬೆಂಚಿನ ಮೇಲೆ ಕೂತ.