ಐದನೆಯ ಎಲೆ

ಮಗನ ಫೋನನ್ನು ನಿತ್ಯಾನಂದ ದಿನವೂ ಚಾರ್ಜಿಗೆ ಇಡುತ್ತಿದ್ದ. ತರುಣ್ ಹೋಗಿ ಏಳು ತಿಂಗಳು ಕಳೆದಿತ್ತು. ಜ್ವರ ತಲೆಗೇರಿ ಐದೇ ದಿನದಲ್ಲಿ ಮುಗಿದುಹೋದ ಹುಡುಗ, ಇಪ್ಪತ್ತೊಂದು ವರ್ಷ. ಬೆಳಗ್ಗೆ ದೇವರಿಗೆ ದೀಪ ಹಚ್ಚಿದ ಕೈಯಲ್ಲೇ ಫೋನಿಗೆ ವಯರು ಸಿಕ್ಕಿಸುವುದು, ಆಮೇಲೆ ಪುಂಜಾಲಕಟ್ಟೆ ಪೇಟೆಯ ತನ್ನ ಹೋಟೆಲಿಗೆ ಇಳಿಯುವುದು. ಯಾಕೆಂದು ಹೆಂಡತಿ ಕಾಂತಿ ಕೇಳಲಿಲ್ಲ. ಅವನೂ ಹೇಳಲಿಲ್ಲ.

ಒಂದು ಸೋಮವಾರ ಆ ಫೋನಿನಲ್ಲಿ ಒಂದು ಪತ್ರ ಬಂದು ಕೂತಿತ್ತು. ತರುಣ್ ಆಡುತ್ತಿದ್ದ ಆಟದ ಕಂಪೆನಿಯದು. ನಿತ್ಯಾನಂದ ಕನ್ನಡಕ ಏರಿಸಿ ಅಕ್ಷರ ಅಕ್ಷರವಾಗಿ ಓದಿದ. ನಿಮ್ಮ ಆಟಗಾರ ಮೂರು ಸಲ ಆಟದ ಉದ್ದಕ್ಕೂ ಕದಲದೆ ನಿಂತಿದ್ದಾನೆ. ಜೊತೆಯವರಿಗೆ ಇದರಿಂದ ತೊಂದರೆ. ಈ ಆಟಗಳು ಲೆಕ್ಕಕ್ಕೆ ಸೇರುವುದಿಲ್ಲ. ಇನ್ನೊಮ್ಮೆ ಹೀಗಾದರೆ ಖಾತೆಯನ್ನು ಶಾಶ್ವತವಾಗಿ ಅಳಿಸಲಾಗುವುದು. ಕೆಳಗೆ ಮೂರು ದಿನಾಂಕಗಳು. ಮೂರೂ ಹಿಂದಿನ ಮೂರು ಶನಿವಾರಗಳು.

ನಿತ್ಯಾನಂದ ಅಲ್ಲೇ ಕುರ್ಚಿಯಲ್ಲಿ ಕೂತು ದಿನಾಂಕಗಳನ್ನು ಮತ್ತೊಮ್ಮೆ ಓದಿದ. ಏಳು ತಿಂಗಳ ಹಿಂದೆ ತನ್ನ ಕೈಯಾರೆ ಕೊಳ್ಳಿ ಇಟ್ಟ ಮಗ ಮೊನ್ನೆ ಶನಿವಾರ ಎಲ್ಲಿ ನಿಂತಿದ್ದ?

ಅವನಿಗೆ ಹೊಳೆದದ್ದು ಅಸ್ಕರನ ಹೆಸರು. ತರುಣನ ಜೊತೆ ಕಲಿತವನು, ಈಗ ಬಿ.ಸಿ.ರೋಡಿನಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟವನು. ಮಧ್ಯಾಹ್ನದ ಊಟದ ಗಲಾಟೆ ಮುಗಿದು ಹೋಟೆಲಿನ ಬಾಗಿಲು ಅರ್ಧ ಹಾಕಿದ ಮೇಲೆ ನಿತ್ಯಾನಂದ ಬಸ್ಸು ಹತ್ತಿದ. ಅಸ್ಕರ್ ಅವನನ್ನು ಕಂಡವನೇ ಸ್ಟೂಲಿನಿಂದ ಎದ್ದು ನಿಂತ. ಪತ್ರ ಓದಿ ತಲೆ ತಗ್ಗಿಸಿದ.

“ನಾವೇ ಅಂಕಲ್. ಅವನ ಪಾಸ್‌ವರ್ಡ್ ನನಗೆ ಗೊತ್ತಿತ್ತು. ಐದು ಜನರ ತಂಡ ಅದು. ಅವನ ಜಾಗಕ್ಕೆ ಬೇರೆ ಒಬ್ಬನನ್ನು ಹಾಕಲಿಕ್ಕೆ ಯಾರಿಗೂ ಮನಸ್ಸು ಬರ್ಲಿಲ್ಲ. ಹಾಗೆ ಅವನನ್ನು ಒಳಗೆ ತಂದು ನಿಲ್ಲಿಸುವುದು, ನಾವು ನಾಲ್ಕು ಜನ ಹೋಗಿ ಆಡುವುದು.”

“ಗೆಲ್ತೀರಾ?”

“ಇಲ್ಲ ಅಂಕಲ್. ಒಂದೂ ಗೆದ್ದದ್ದಿಲ್ಲ.”

ಬೇರೆ ಯಾರಿಗಾದರೂ ಇದು ಹುಡುಗಾಟಿಕೆಯಂತೆ ಕಾಣುತ್ತಿತ್ತೋ ಏನೋ. ನಿತ್ಯಾನಂದನಿಗೆ ಬಿಡಿಸಿ ಹೇಳಬೇಕಾಗಲಿಲ್ಲ. ತರುಣನ ಬೊಜ್ಜದ ದಿನ, ಉತ್ತರಕ್ರಿಯೆಯಂದು, ಅವನ ಮನೆಯಲ್ಲೂ ಹಾಗೇ ಮಾಡಿದ್ದರು. ಒಳಗಿನ ಕೋಣೆಯಲ್ಲಿ ಎಲೆ ಹಾಕಿ, ಹೋದವನಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ, ಬಾಗಿಲು ಎಳೆದುಕೊಂಡು, ಮನೆಯವರೆಲ್ಲ ಹೊರಗೆ ಸದ್ದಿಲ್ಲದೆ ಕೂತಿದ್ದರು. ಸ್ವಲ್ಪ ಹೊತ್ತಾದ ಮೇಲೆ ಹಿರಿಯರೊಬ್ಬರು ಕೆಮ್ಮಿ, ಒಳಗಿದ್ದವನಿಗೆ ಸೂಚನೆ ಕೊಟ್ಟು, ಬಾಗಿಲು ತೆರೆದಿದ್ದರು. ಆ ಎಲೆಯ ಅನ್ನವನ್ನು ಮನೆಮಂದಿ ಒಂದೊಂದು ತುತ್ತು ಹಂಚಿಕೊಂಡು ಉಣ್ಣುವುದು ಅವರ ಮನೆಯ ಕ್ರಮ. ಅಂದು ಅಸ್ಕರನೂ ಜಗಲಿಯ ಕಂಬಕ್ಕೆ ಒರಗಿ ಕೂತಿದ್ದ. ತುತ್ತು ಕೊಟ್ಟಾಗ ಎರಡೂ ಕೈ ಒಡ್ಡಿದ್ದ.

“ಇನ್ನು ನಿಲ್ಲಿಸಬೇಡಿ. ಸುಮ್ಮನೆ ಬಿಟ್ಟುಬಿಡಿ. ಆಗ ಖಾತೆ ಉಳಿಯುತ್ತದಲ್ಲ?” ಎಂದ ನಿತ್ಯಾನಂದ.

ಅಸ್ಕರ್ ತಲೆಯಾಡಿಸಿದ. ಸುಮ್ಮನೆ ಬಿಟ್ಟರೂ ಕಷ್ಟವೇ. ಆ ಆಟಕ್ಕೆ ಋತುಗಳುಂಟು. ಒಂದು ಋತುವಿನಲ್ಲಿ ಹತ್ತು ಆಟವನ್ನಾದರೂ ಪೂರ್ತಿ ಆಡದವನ ಹೆಸರು ತಂಡದ ಪಟ್ಟಿಯಿಂದ ತಾನಾಗಿ ಕಳಚಿಕೊಳ್ಳುತ್ತದೆ. ಹತ್ತು ಆಡಿದವನ ಹೆಸರು, ಋತು ಕಳೆದರೂ, ಆ ತಂಡದ ದಾಖಲೆಯಲ್ಲಿ ಉಳಿಯುತ್ತದೆ. ತರುಣ್ ಹಾಸಿಗೆ ಹಿಡಿಯುವಾಗ ಈ ಋತು ಶುರುವಾಗಿರಲೇ ಇಲ್ಲ. ನಿಂತ ಆಟಗಳು ಲೆಕ್ಕಕ್ಕೆ ಬರುತ್ತವೆಂದು ಇವರು ನಂಬಿದ್ದರು. ಬರುವುದಿಲ್ಲ ಎನ್ನುವುದು ಈ ಪತ್ರದಿಂದ ತಿಳಿಯಿತು. ಋತು ಮುಗಿಯಲು ಉಳಿದದ್ದು ಹದಿಮೂರು ದಿನ.

ಅಸ್ಕರ್ ಕಂಪ್ಯೂಟರು ತೆರೆದು ಪಟ್ಟಿ ತೋರಿಸಿದ. ಐದು ಹೆಸರುಗಳು. ನಾಲ್ಕು ಬಾಯಿಗೆ ಬಾರದ ಇಂಗ್ಲಿಷ್ ಹೆಸರುಗಳು. ಐದನೆಯದು ಕನ್ನಡದಲ್ಲಿತ್ತು: ಸಾಂಬಾರ್ ಬೇಕಾ.

“ಅದೇ ತರುಣ್,” ಎಂದ ಅಸ್ಕರ್. “ಅವನದು ಗುಣ ಮಾಡುವ ಪಾತ್ರ. ನಮಗೆ ಏಟು ಬಿದ್ದಾಗ ಹಿಂದಿನಿಂದ ಜೀವ ತುಂಬಿಸುವವ. ತುಂಬಿಸುವಾಗಲೆಲ್ಲ ಮೈಕಿನಲ್ಲಿ ‘ಸಾಂಬಾರ್, ಸಾಂಬಾರ್’ ಅಂತ ಕೂಗ್ತಿದ್ದ. ನಿಮ್ಮ ಹಾಗೆಯೇ.”

ನಿತ್ಯಾನಂದ ಆ ಎರಡು ಪದಗಳನ್ನು ನೋಡುತ್ತಾ ಕೂತ. ಎರಡು ವರ್ಷದ ಹಿಂದೆ, ಒಂದು ಮದುವೆ ದಿಬ್ಬಣ ಹೋಟೆಲಿಗೆ ನುಗ್ಗಿದ ದಿನ, ಕಿವಿಗೆ ಹೆಡ್‌ಫೋನು ಸಿಕ್ಕಿಸಿ ಕೂತ ಮಗನನ್ನು ಎಳೆದು ತಂದು, ಉಣ್ಣುವವರ ಎದುರಿಗೇ, ಬಡಿಸಲು ನಾಚಿಕೆಯಾಗುವವನಿಗೆ ಈ ಅನ್ನ ಹೇಗೆ ಇಳಿಯುತ್ತದೆ ಎಂದು ಕೇಳಿದ್ದ. ತರುಣ್ ಮಾತಾಡದೆ ಬಕೆಟ್ಟು ಎತ್ತಿಕೊಂಡಿದ್ದ. ಆಮೇಲೆ ಅಪ್ಪ ಮಗನ ನಡುವೆ ಬೇಕಾದಷ್ಟೇ ಮಾತು. ಹುಡುಗನಿಗೆ ತನ್ನ ಕಸುಬು ಹೇಸಿಗೆ ಎಂದೇ ನಿತ್ಯಾನಂದ ಈವರೆಗೂ ನಂಬಿದ್ದ.

“ನನಗೆ ಕಲಿಸು,” ಎಂದ.

“ಕೈ ಬೇಗ ಓಡಬೇಕು ಅಂಕಲ್.”

“ಒಂದೇ ಕಾವಲಿಯಲ್ಲಿ ಆರು ದೋಸೆ ಮಗುಚುವವ ನಾನು, ಮಾರಾಯ.”

ಮರುದಿನ ಅಸ್ಕರ್ ಬೈಕಿನಲ್ಲಿ ಬಂದು ತರುಣನ ಕೋಣೆಯ ಕಂಪ್ಯೂಟರನ್ನು ಒರೆಸಿ ಸರಿಮಾಡಿದ. ಮುಚ್ಚಿದ್ದ ಆ ಕೋಣೆಯ ಬಾಗಿಲು ತೆರೆಯುವ ಮುಂಚೆ ನಿತ್ಯಾನಂದ ತಿಳಿಯದೆಯೇ ಒಮ್ಮೆ ಕೆಮ್ಮಿದ. ಹಿಂದೆ ನಿಂತ ಕಾಂತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಪಾಠ ಹೇಳುವ ಹೊಣೆ ನವ್ಯಾಳದು. ಮೂಡುಬಿದಿರೆಯಲ್ಲಿ ಕಾಲೇಜು ಓದುವ ಹುಡುಗಿ. ತಂಡದ ನಾಯಕಿ ಅವಳೇ. ಉಳಿದಿಬ್ಬರು ಗುರಾಣಿ ಹಿಡಿದು ಮುಂದೆ ನಡೆಯುವ ನಿಝಾಮುದ್ದೀನ್ ಮತ್ತು ದೂರದಿಂದ ಗುಂಡು ಹೊಡೆಯುವ ಶಿಶಿರ್. ಎಲ್ಲರೂ ಅವರವರ ಮನೆಯಲ್ಲಿ ಕೂತು, ಮೂರೂವರೆಗೆ ಆಟದೊಳಗೆ ಸೇರುವವರು. ನಿತ್ಯಾನಂದ ಮಗನ ಹೆಡ್‌ಫೋನು ಕಿವಿಗಿಟ್ಟುಕೊಂಡ. ಒಳಗಿನ ಮೆತ್ತೆ ಮಗನ ಕಿವಿಯ ಆಕಾರಕ್ಕೆ ತಗ್ಗಿತ್ತು.

ನವ್ಯಾ ಹೇಳಿದ್ದೆಲ್ಲ ಸಣ್ಣ ಸಣ್ಣ ಮಾತು. ಎರಡೂ ತಂಡಕ್ಕೆ ಬೇಕಾದದ್ದು ನಡುವಿನ ಒಂದು ಚೌಕ. ಅದರ ಮೇಲೆ ಹೆಚ್ಚು ಹೊತ್ತು ನಿಂತವರು ಗೆದ್ದರು. ಎಷ್ಟು ಜನರನ್ನು ಬೀಳಿಸಿದೆವು ಎನ್ನುವುದು ಲೆಕ್ಕವಲ್ಲ. ಒಬ್ಬನೇ ಎಲ್ಲಿಗೂ ಹೋಗಬಾರದು. ನಿಝಾಮನ ಗುರಾಣಿಯ ಹಿಂದೆಯೇ ಇರಬೇಕು, ಆದರೆ ಬೆನ್ನಿಗೆ ಒಂದು ಗೋಡೆ ಬೇಕು. ಬಿದ್ದವನ ಕಡೆಗೆ ಓಡಿದರೆ ಬೀಳುವವರು ಇಬ್ಬರಾಗುತ್ತಾರೆ. ಬಿದ್ದವನು ಆರಂಭದ ಕೋಣೆಯಲ್ಲಿ ಸ್ವಲ್ಪ ಹೊತ್ತಿಗೆ ತಾನೇ ಎದ್ದು ಬರುತ್ತಾನೆ, ಕಾಯಬೇಕು. ಎಲ್ಲರೂ ಕೂಡಿದ ಮೇಲೆ ಒಟ್ಟಿಗೆ ಹೊರಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಹೆಜ್ಜೆಯ ಸದ್ದು ಕೇಳಬೇಕು.

ಈ ಕೊನೆಯದೊಂದು ಅವನಿಗೆ ಮೊದಲೇ ಬರುತ್ತಿತ್ತು. ಎಳವೆಯಲ್ಲಿ, ಮಳೆ ಬಿಡದ ಆಟಿ ತಿಂಗಳ ಸಂಜೆಗಳಲ್ಲಿ ಅಜ್ಜ ಭಾರತ ವಾಚನ ಮಾಡುವಾಗ ಹೂಂಗುಟ್ಟುವ ಕೆಲಸ ಅವನದಾಗಿತ್ತು. ಪದ್ಯ ಎಲ್ಲಿ ಏರುತ್ತದೆ, ಎಲ್ಲಿ ಇಳಿದು ನಿಲ್ಲುತ್ತದೆ ಎಂದು ಕಣ್ಣು ಮುಚ್ಚಿ ಹಿಡಿಯುತ್ತಿದ್ದ. ಈಗ ನವ್ಯಾಳ ಒಂದೊಂದು ಮಾತು ಮುಗಿದಾಗಲೂ ಅಭ್ಯಾಸದಿಂದ “ಹೂಂ” ಎಂದ. ನಾಲ್ಕನೆಯ ಹೂಂಗೆ ಆ ಕಡೆ ಎಲ್ಲರ ಸದ್ದೂ ನಿಂತಿತು.

“ಎಂತ ಆಯಿತು?” ಎಂದು ಕೇಳಿದ.

“ಎಂತ ಇಲ್ಲ ಅಂಕಲ್,” ಎಂದಳು ನವ್ಯಾ. “ತರುಣನೂ ಹಾಗೇ ಹೇಳ್ತಿದ್ದ.”

ಮೊದಲ ಮೂರು ಆಟ ಸೋತರು. ಸೋಲಿಗೆ ಕಾರಣ ನಿತ್ಯಾನಂದನೇ, ಆದರೆ ಅದು ಕೈ ನಿಧಾನವಾದ್ದರಿಂದಲ್ಲ. ಪರದೆಯ ಎಡಮೂಲೆಯಲ್ಲಿ ನಾಲ್ವರ ಜೀವ ನಾಲ್ಕು ಹಸಿರು ಪಟ್ಟಿಗಳಾಗಿ ಸಾಲಾಗಿ ಕಾಣುತ್ತಿದ್ದವು. ಅವನು ಮೊದಲ ಪಟ್ಟಿಯಿಂದ ಶುರುಮಾಡಿ, ಅದು ತುಂಬಿದ ಮೇಲೆ ಎರಡನೆಯದು, ಆಮೇಲೆ ಮೂರನೆಯದು, ಹೀಗೆ ಕ್ರಮವಾಗಿ ಹೋಗುತ್ತಿದ್ದ. ಮೂವತ್ತು ವರ್ಷ ಪಂಕ್ತಿಯಲ್ಲಿ ಬಡಿಸಿದ ಕೈ. ನಡುವೆ ಒಂದು ಎಲೆ ಹಾರಿಸಿದರೆ ಆ ಎಲೆಯವನಿಗೆ ಅವಮಾನ. ಮದುವೆಮನೆಯಲ್ಲಿ ಅಷ್ಟಕ್ಕೇ ಎದ್ದು ಹೋದವರನ್ನು ಅವನು ಕಂಡಿದ್ದ. ಹಾಗಾಗಿ ಮೈತುಂಬ ಜೀವವಿದ್ದ ಅಸ್ಕರನಿಗೂ ಇಷ್ಟು ಎರೆದು, ಸಾಲಿನ ಕೊನೆಯಲ್ಲಿದ್ದ ಶಿಶಿರನನ್ನು ಮುಟ್ಟುವ ಹೊತ್ತಿಗೆ ಶಿಶಿರ್ ಬಿದ್ದಾಗಿರುತ್ತಿತ್ತು.

ನಾಲ್ಕನೆಯ ದಿನ ಶಿಶಿರನೇ ಅದನ್ನು ಕಂಡುಹಿಡಿದ. “ಅಂಕಲ್, ನಾನು ಯಾವಾಗಲೂ ಕೊನೆಯ ಪಂಕ್ತಿಯಾ? ನನ್ನ ಸರದಿಗೆ ಪಾಯಸ ಖಾಲಿ.”

ಎಲ್ಲರೂ ನಕ್ಕರು. ನಿತ್ಯಾನಂದನೂ ನಕ್ಕ, ಆ ಕೋಣೆಯಲ್ಲಿ ನಕ್ಕದ್ದು ಅದೇ ಮೊದಲು. ನವ್ಯಾ ಮಾತ್ರ ನಗು ಮುಗಿಯುವವರೆಗೆ ಕಾದು, ಮೆಲ್ಲಗೆ, ಹಾರಿಸಬಹುದು ಅಂಕಲ್, ಇಲ್ಲಿ ಯಾರಿಗೂ ಬೇಜಾರಿಲ್ಲ, ಖಾಲಿಯಾದ ಎಲೆ ಯಾವುದು ಅಂತ ಅಷ್ಟೇ ನೋಡಿ ಎಂದಳು. ಅಂದು ಹೋಟೆಲಿಗೆ ಹಿಂತಿರುಗಿ ಸಂಜೆಯ ಚಹಾ ಕಾಯಿಸುತ್ತಾ ಅವನು ಅದನ್ನೇ ಯೋಚಿಸಿದ. ಮಗ ಬದುಕಿದ್ದಾಗ ತಾನು ಊರವರ ಎಲೆಗಳನ್ನೆಲ್ಲ ಕ್ರಮವಾಗಿ ನೋಡಿದೆ. ಮನೆಯೊಳಗಿನ ಒಂದು ಎಲೆಯನ್ನು ನೋಡಲಿಲ್ಲ.

ಆಮೇಲೆ ಎರಡು ಆಟ ಗೆದ್ದರು. ಮತ್ತೆ ನಾಲ್ಕು ಸೋತರು. ಒಂಬತ್ತಾಯಿತು. ಹತ್ತನೆಯದು ಋತುವಿನ ಕೊನೆಯ ದಿನಕ್ಕೆ ಬಿತ್ತು, ಶನಿವಾರ. ಕಾಂತಿ ಅಂದು ಕುರ್ಚಿ ತಂದು ಗಂಡನ ಹಿಂದೆ ಕೂತಳು.

ಎದುರಿನವರು ಬಲವಾಗಿದ್ದರು. ಆರಂಭಕ್ಕೇ ನಿಝಾಮನ ಗುರಾಣಿ ಒಡೆಯಿತು. ಅವನು ಬಿದ್ದ, ಅವನನ್ನು ಉಳಿಸಲು ಹೋದ ಅಸ್ಕರ್ ಬಿದ್ದ, ಆಮೇಲೆ ಶಿಶಿರ್, ಕೊನೆಗೆ ನವ್ಯಾ. ಚೌಕದ ಅಂಚಿನಲ್ಲಿ ನಿತ್ಯಾನಂದ ಒಬ್ಬನೇ ಉಳಿದ. ಒಬ್ಬನೇ ನಿಲ್ಲಬಾರದೆಂಬುದು ನೆನಪಾಗಿ, ಗೋಡೆಯ ಮರೆಯಲ್ಲಿ ಓಡಿ ಆರಂಭದ ಕೋಣೆಗೆ ಬಂದು ಸೇರಿದ. ಹಿಂದೆ ಬಾಗಿಲು ತಾನೇ ಮುಚ್ಚಿಕೊಂಡಿತು.

ಆ ಕೋಣೆಯನ್ನು ಅವನು ಈವರೆಗೆ ಸರಿಯಾಗಿ ನೋಡಿರಲಿಲ್ಲ. ಬೂದು ಗೋಡೆ, ಒಂದು ದೀಪ, ಮುಚ್ಚಿದ ಬಾಗಿಲು. ಮೂರು ಶನಿವಾರ ಮಗ ಇಲ್ಲೇ ನಿಂತಿದ್ದ. ಗೆಳೆಯರು ಹೊರಗೆ ಸೋತು ಸೋತು ಬರುವುದನ್ನು ನೋಡುತ್ತಾ, ಕೈಯೆತ್ತಲಾರದೆ. ನಿತ್ಯಾನಂದನ ಬೆರಳುಗಳು ಗುಂಡಿಗಳ ಮೇಲೆಯೇ ನಿಂತವು.

ಪರದೆಯ ಮೇಲೆ ಕೆಂಪು ಅಕ್ಷರ ಮೂಡಿತು. ಎಚ್ಚರಿಕೆ ಪಡೆದ ಖಾತೆ ಇದು, ಕದಲದಿದ್ದರೆ ಈಗಲೇ ಹೊರಹಾಕಲಾಗುವುದು. ಹತ್ತು. ಒಂಬತ್ತು.

“ಅಂಕಲ್, ನಡೆಯಿರಿ,” ಎಂದಳು ನವ್ಯಾ.

ಎಂಟು. ಏಳು. ಅಸ್ಕರನೂ ಕರೆದ. ನಿತ್ಯಾನಂದನಿಗೆ ಕೇಳುತ್ತಿತ್ತು, ಕೈ ಮಾತ್ರ ಏಳಲೊಲ್ಲದು. ಆರು. ಐದು. ಕದಲಿದರೆ ಮಗ ನಿಂತ ಜಾಗವನ್ನು ತಾನು ತುಳಿದಂತೆ ಎನ್ನಿಸಿತು.

ಹಿಂದೆ ಕೂತ ಕಾಂತಿ ಕೆಮ್ಮಿದಳು. ದೊಡ್ಡದಾಗಿ ಅಲ್ಲ. ಒಳಗಿನವರಿಗೆ ಕೇಳುವಷ್ಟು.

ನಿತ್ಯಾನಂದ ಒಂದು ಹೆಜ್ಜೆ ಇಟ್ಟ. ಕೆಂಪು ಅಕ್ಷರ ಅಳಿಯಿತು. ಬಾಗಿಲವರೆಗೆ ನಡೆದ, ತಿರುಗಿ ಬಂದ, ಮತ್ತೆ ನಡೆದ. ನಿಝಾಮ್ ಎದ್ದು ಪಕ್ಕದಲ್ಲಿ ನಿಂತ. ಅಸ್ಕರ್ ಎದ್ದ. ಶಿಶಿರ್, ಕೊನೆಗೆ ನವ್ಯಾ. ಐದೂ ಜನ ಒಂದೇ ಕೋಣೆಯಲ್ಲಿ, ಒಂದೇ ಸಾಲಿನಲ್ಲಿ. ಅವನು ಬಾಗಿಲ ಹತ್ತಿರ ಹೋದ, ಅದು ತೆರೆದುಕೊಂಡಿತು.

ಆ ಆಟವನ್ನೂ ಅವರು ಸೋತರು, ಸ್ವಲ್ಪದರಲ್ಲಿ. ಆದರೆ ಆಮೇಲೆ ಶಿಶಿರ್ ಒಮ್ಮೆಯೂ ಬೀಳಲಿಲ್ಲ. ಆಟ ಮುಗಿದ ಮೇಲೆ ಪಟ್ಟಿ ತೆರೆದಾಗ ಐದನೆಯ ಹೆಸರಿನ ಎದುರು ಹತ್ತು ಎಂದಿತ್ತು. ಸಾಂಬಾರ್ ಬೇಕಾ. ಕಾಂತಿ ಮುಂದೆ ಬಂದು, ಪರದೆಯ ಮೇಲೆ ಆ ಎರಡು ಪದಗಳನ್ನು ಬೆರಳಿನಿಂದ ಸವರಿದಳು.

ಅಸ್ಕರ್ ಕೇಳಿದ, “ಬರುವ ಶನಿವಾರವೂ ನಾವು ಆಡುವನಾ ಅಂಕಲ್?”

ನಿತ್ಯಾನಂದ ಹೆಡ್‌ಫೋನನ್ನು ಸರಿಮಾಡಿಕೊಂಡ. “ಆಡುವ. ಆದರೆ ಇವನನ್ನು ಇನ್ನು ಕರೆಯುವುದು ಬೇಡ ಮಕ್ಕಳೇ. ಉಂಡಾಯಿತು ಅವನದು. ಹೆಸರು ಸೇರುವಲ್ಲಿ ಸೇರಿತು. ಆ ಎಲೆಯಲ್ಲಿ ಉಳಿದದ್ದನ್ನು ಇನ್ನು ನಾವು ಹಂಚಿಕೊಂಡು ಉಣ್ಣಬೇಕು.”

ಶಿಶಿರ್ ಮೂಗು ಎಳೆದುಕೊಂಡದ್ದು ಎಲ್ಲರಿಗೂ ಕೇಳಿತು. ಯಾರೂ ತಮಾಷೆ ಮಾಡಲಿಲ್ಲ.

“ನಿಮಗೆ ಹೊಸ ಖಾತೆ ಮಾಡ್ತೇನೆ,” ಎಂದ ಅಸ್ಕರ್. “ಒಂದನೇ ಮೆಟ್ಟಿಲಿನಿಂದ ಶುರು ಮಾಡಬೇಕು, ಅಡ್ಡಿ ಇಲ್ವಾ? ಹೆಸರು ಎಂತ ಹಾಕುವ?”

ನಿತ್ಯಾನಂದ ಬಹಳ ಹೊತ್ತು ಯೋಚಿಸಲಿಲ್ಲ. ತಾನೇ ಒಂದೊಂದೇ ಅಕ್ಷರ ಹುಡುಕಿ ಒತ್ತಿದ. ಮುಂದಿನ ಶನಿವಾರ ಮೂರೂವರೆಗೆ ತಂಡದ ಪಟ್ಟಿ ತೆರೆದಾಗ, ಬೂದು ಬಣ್ಣಕ್ಕೆ ತಿರುಗಿದ್ದ ‘ಸಾಂಬಾರ್ ಬೇಕಾ’ದ ಕೆಳಗೆ ಹಸಿರಿನಲ್ಲಿ ಇನ್ನೊಂದು ಹೆಸರಿತ್ತು: ಸ್ವಲ್ಪ ಹಾಕು.

ಬಾಗಿಲು ತೆರೆಯಿತು. ಚೌಕ ಮುಟ್ಟುವ ಮೊದಲೇ ಎದುರಿನವರ ಹೆಜ್ಜೆ ಎಡಗಡೆಯಿಂದ ಕೇಳಿ, ನಿತ್ಯಾನಂದ ಗೋಡೆಗೆ ಬೆನ್ನು ಕೊಟ್ಟ.

“ಅಂಕಲ್, ನನ್ನ ಎಲೆ ಖಾಲಿ,” ಎಂದ ಶಿಶಿರ್.

ನಿತ್ಯಾನಂದ ನಡುವಿನ ಮೂರು ಎಲೆ ಹಾರಿಸಿ ಅವನ ಹತ್ತಿರ ಓಡಿದ.