ಕೆಮ್ಮಿರುವ ಪ್ರತಿ

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡುವುದು ಎನ್ನುವುದೇ ಮೊದಲ ತಕರಾರು. ಕೆಮ್ಮಿನಿಂದ ಶುರು ಮಾಡಿದರೆ ಆಸ್ಪತ್ರೆಯ ಕಥೆ ಅಂದುಕೊಳ್ಳುತ್ತೀರಿ. ಸಿನಿಮಾ ಡಿಸ್ಕಿನಿಂದ ಶುರು ಮಾಡಿದರೆ, ಹಾಗಂದ್ರೇನು ಎಂದು ನಿಮ್ಮ ಮನೆಯ ಮಕ್ಕಳು ಕೇಳುತ್ತಾರೆ. ಮೊದಲ ಡ್ರಾಫ್ಟಿನಲ್ಲಿ ನಾನು ಸಾವಿನಿಂದಲೇ ಶುರು ಮಾಡಿದ್ದೆ: ಗಂಡ ತೀರಿಕೊಂಡಿದ್ದಾನೆ, ಹಳೆಯ ಸಿನಿಮಾವೊಂದರಲ್ಲಿ ಅವನ ಕೆಮ್ಮು ಮಾತ್ರ ಉಳಿದಿದೆ, ಹೆಂಡತಿ ಅದನ್ನು ಕೇಳುತ್ತ ಕೂತಿದ್ದಾಳೆ. ಬರೆದದ್ದನ್ನು ಗಟ್ಟಿಯಾಗಿ ಓದಿದೆ.

ಕಥೆಯೊಳಗಿನ ಆ ಹೆಂಡತಿ ಹೊಲಿಗೆ ಮಷಿನ್ನಿನಿಂದ ತಲೆಯೆತ್ತಿದಳು. "ಇದೇನ್ರೀ ಇದು? ಮನುಷ್ಯ ಒಳಗೆ ಟೀ ಕುಡೀತಾ ಕೂತಿದಾರೆ. ನೀವು ಸಾಯಿಸೇಬಿಟ್ರಲ್ಲ!"

"ಓದುಗರ ಮನಸ್ಸು ಕರಗಲಿ ಅಂತ..."

"ಅದಕ್ಕೆ ನನ್ನ ಗಂಡನೇ ಬೇಕಿತ್ತಾ? ನಿಮ್ಮ ಮನೇಲಿ ಯಾರೂ ಇರ್ಲಿಲ್ವಾ?"

ಡ್ರಾಫ್ಟ್ ಹರಿದು ಹಾಕಿದೆ. ಗಂಡ ಬದುಕಿದ್ದಾನೆ. (ಇದರಿಂದ ಕಥೆಗೆ ನಷ್ಟ. ಗೊತ್ತು.)

೨

ಅವಳು ಮನೆಯ ಮುಂದಿನ ಕೋಣೆಯಲ್ಲಿ ಶಾಲೆಯ ಯೂನಿಫಾರ್ಮು, ಪರದೆ, ದಿಂಬಿನ ಕವರು ಹೊಲಿಯುವವಳು, ಬೀದಿಗೆಲ್ಲ ಟೈಲರಮ್ಮ. ಗಂಡ ಸಿನಿಮಾಗಳಿಗೆ ಸೌಂಡ್ ರೆಕಾರ್ಡ್ ಮಾಡುತ್ತಿದ್ದವನು. ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡೇ ಯೌವನ ಕಳೆದವನಿಗೆ ಜೊತೆಗಾರರು ಇಟ್ಟ ಹೆಸರು ಸೌಂಡಪ್ಪ.

ಮದುವೆಯಾದ ಹೊಸತರಲ್ಲಿ ಸೌಂಡಪ್ಪನ ಎದೆಯಲ್ಲಿ ನೀರು ತುಂಬಿ ಜ್ವರ ಹಿಡಿಯಿತು. ಆ ಜ್ವರದಲ್ಲೇ ಒಂದು ಚಿತ್ರಕ್ಕೆ ಕೆಲಸ ಮಾಡಿದ. ಅದರಲ್ಲಿ ತಾಯಿ ಸಾಯುವ ದೃಶ್ಯವೊಂದಿದೆ. ಮಾತಿಲ್ಲ, ಸಂಗೀತವಿಲ್ಲ, ನೋಡುವವರು ಉಸಿರಾಡಲೂ ಅಂಜುವಂಥ ಮೌನ. ಆ ಮೌನದ ನಟ್ಟನಡುವೆ, ಪಕ್ಕದ ಕೋಣೆಯಿಂದೆಂಬಂತೆ, ಒಂದು ಕೆಮ್ಮು. ರೆಕಾರ್ಡ್ ಮಾಡುತ್ತಿದ್ದವನದೇ. ಶೂಟಿಂಗ್ ಜಾಗದಲ್ಲಿ ಹಿಡಿದ ದನಿಯನ್ನೇ ಬಳಸಿದ ಚಿತ್ರವಾದ್ದರಿಂದ ಕೆಮ್ಮು ಹಾಗೇ ಉಳಿಯಿತು. ಥಿಯೇಟರಿಗೂ ಹೋಯಿತು, ಮುಂದೆ ಡಿಸ್ಕಿಗೂ ಇಳಿಯಿತು.

ಸೌಂಡಪ್ಪನಿಗೆ ಅದು ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ನಾರು. ಮನೆಯಲ್ಲಿ ಯಾರಾದರೂ ಆ ಡಿಸ್ಕ್ ಮುಟ್ಟಿದರೆ ಸಾಕು, "ಬೇರೆ ಏನಾದ್ರೂ ಹಾಕಿ," ಎಂದು ಎದ್ದು ಹೋಗುತ್ತಿದ್ದ.

ಟೈಲರಮ್ಮನ ಲೆಕ್ಕವೇ ಬೇರೆ. ಶೂಟಿಂಗ್ ಮುಗಿದ ಬೆನ್ನಿಗೇ ಅವನು ಆಸ್ಪತ್ರೆ ಸೇರಿದ್ದ. ಡಾಕ್ಟರು ಅವಳ ಮುಖ ನೋಡದೆ ಮಾತಾಡುತ್ತಿದ್ದರು. ಅವನು ಹೇಗೋ ಉಳಿದು ಮನೆಗೆ ಬಂದ ಮೇಲೆ ಚಿತ್ರ ಬಿಡುಗಡೆಯಾಯಿತು. ಅವನಿಗಿನ್ನೂ ಎದ್ದು ಓಡಾಡುವ ಶಕ್ತಿಯಿಲ್ಲ, ಅವಳೊಬ್ಬಳೇ ಹೋದಳು. ತಾಯಿ ಸತ್ತಳು, ಥಿಯೇಟರಿಡೀ ಮೂಗು ಒರೆಸಿಕೊಂಡಿತು, ಕೆಮ್ಮು ಬಂತು. ಟೈಲರಮ್ಮ ಗಟ್ಟಿಯಾಗಿ ನಕ್ಕುಬಿಟ್ಟಳು. ಪಕ್ಕದವರು, "ನಿಮಗೇನು ಕರುಳಿಲ್ವಾ?" ಎಂದು ಬೈದರು. ಅವರೆಲ್ಲ ಸಾವು ನೋಡುತ್ತಿದ್ದರು. ಅವಳಿಗೆ ಮಾತ್ರ, ಮನೆಯಲ್ಲಿ ಹೊದ್ದು ಮಲಗಿದ್ದ ಗಂಡ ಕೇಳಿಸಿದ್ದ.

(ಈ ಭಾಗ ಚೆನ್ನಾಗಿ ಬಂತೆಂದು ಇನ್ನೊಂದು ಪುಟ ಬೆಳೆಸಿದ್ದೆ. ಟೈಲರಮ್ಮ ಕತ್ತರಿ ತೋರಿಸಿದಳು.)

೩

ಒಂದು ಭಾನುವಾರ ಮಗಳು ಬಂದಳು. ಅಪ್ಪ ಅಮ್ಮನ ಟೀವಿಗೆ ಸ್ಟ್ರೀಮಿಂಗ್ ಹಾಕಿಸಿಕೊಟ್ಟವಳು ಅವಳೇ.

"ಅಪ್ಪಾ, ನಿಮ್ಮ ಸಿನಿಮಾ ಇದರಲ್ಲಿ ಬಂದಿದೆ. ಹಳೇ ಪ್ರಿಂಟನ್ನ ಕ್ಲೀನ್ ಮಾಡಿ ಹಾಕಿದಾರಂತೆ."

ಸೌಂಡಪ್ಪ ಎದ್ದು ಹೋಗಲು ಚಪ್ಪಲಿ ಹುಡುಕುತ್ತಿದ್ದ. ಅಷ್ಟರಲ್ಲಿ ಮಗಳು ಚಿತ್ರ ಹಾಕಿ ಮುಂದಕ್ಕೆ ಓಡಿಸಿದಳು, ಆ ದೃಶ್ಯ ಬಂತು. ತಾಯಿ ಸತ್ತಳು. ಕೆಮ್ಮಿಲ್ಲ.

"ಹಿಂದೆ ಹಾಕು."

ಮತ್ತೆ ಸತ್ತಳು. ಕೆಮ್ಮಿಲ್ಲ.

"ಇನ್ನೊಂದ್ಸಲ."

ಆ ತಾಯಿಯನ್ನು ಸಾಕಾಗುವಷ್ಟು ಸಲ ಸಾಯಿಸಿದ ಮೇಲೆ ಸೌಂಡಪ್ಪ ಮುಖಕ್ಕೆ ಟವೆಲ್ ಒತ್ತಿಕೊಂಡ. "ಹೋಯ್ತು ಕಣೇ. ಪೀಡೆ ಹೋಯ್ತು." ಭುಜ ಅಲುಗುತ್ತಿತ್ತು.

ಟೈಲರಮ್ಮ ಹೇಳಬಾರದೆಂದುಕೊಂಡೂ ಹೇಳಿದಳು. "ಹೊಲಿಗೆ ಬಿಚ್ಚಿದ್ರೆ ತೂತಿನ ಸಾಲು ಉಳಿಯುತ್ತಲ್ಲ, ಹಾಗಿದೆ. ಅಲ್ಲಿ ಗಾಳಿ ಸದ್ದೂ ಇಲ್ಲ."

"ಸೌಂಡ್ ವಿಷಯ ನಿಂಗೇನು ಗೊತ್ತು?"

"ನಿಮ್ಮ ಕೆಮ್ಮಿನ ವಿಷಯ ಗೊತ್ತು."

ಸಂಜೆಗೆ ಡಿಸ್ಕುಗಳ ಪೆಟ್ಟಿಗೆ ಬಾಗಿಲಿಗೆ ಬಂತು. "ಗುಜರಿಯವನಿಗೆ ಕೊಟ್ಬಿಡು. ಎಲ್ಲಾ ಟೀವಿಯೊಳಗೇ ಇದೆಯಲ್ಲ," ಎಂದ ಸೌಂಡಪ್ಪ. ಮಗಳೂ ದನಿಗೂಡಿಸಿದಳು. "ಹೂಂ ಅಮ್ಮ, ಇಟ್ಕೊಂಡು ಏನ್ಮಾಡ್ತೀಯ? ಪ್ಲೇಯರೇ ಕೆಟ್ಟಿದೆ."

"ಟೀವಿಯೊಳಗಿರೋದು ನಮ್ದಾ?"

"ತಿಂಗ್ಳು ತಿಂಗ್ಳು ಕಟ್ತೀವಲ್ಲಮ್ಮ."

"ಬಾಡಿಗೆ ಕಟ್ಟಿದ್ರೆ ಮನೆ ನಮ್ದಾಗುತ್ತಾ? ಇವತ್ತು ಕೆಮ್ಮು ತೆಗೆದೋರು ನಾಳೆ ಆ ತಾಯೀನೇ ಬದುಕಿಸ್ತಾರೆ. ಆಗೇನ್ಮಾಡ್ತೀರಿ?"

ಪೆಟ್ಟಿಗೆ ಗುಜರಿಗೆ ಹೋಯಿತು. ಒಂದು ಡಿಸ್ಕ್ ಮಾತ್ರ ಯೂನಿಫಾರ್ಮ್ ಬಟ್ಟೆಯ ಮಡಿಕೆಯೊಳಗೆ ಹೋಯಿತು.

೫

(ನಾಲ್ಕರಲ್ಲಿ ಒಬ್ಬ ಮೆಕ್ಯಾನಿಕ್ ಡಿಸ್ಕುಗಳ ಸುವರ್ಣಯುಗದ ಬಗ್ಗೆ ಭಾಷಣ ಬಿಗಿಯುತ್ತಿದ್ದ. ತೆಗೆದುಹಾಕಿದ್ದೇನೆ. ಟೈಲರಮ್ಮ ಗುಟ್ಟಾಗಿ ಪ್ಲೇಯರ್ ರಿಪೇರಿ ಮಾಡಿಸಿದಳು ಎಂದಷ್ಟೇ ತಿಳಿದಿರಲಿ.)

ಸೌಂಡಪ್ಪ ಬಂದವರಿಗೆಲ್ಲ ಆ ಚಿತ್ರ ತೋರಿಸತೊಡಗಿದ. ಗ್ಯಾಸ್ ಸಿಲಿಂಡರಿನವನು ನೋಡಿದ. ಮಕ್ಕಳ ಅಳತೆ ಕೊಡಲು ಬಂದ ತಾಯಂದಿರು ನಿಂತೇ ನೋಡಿದರು. ಕೊನೆಗೆ, ಆ ಚಿತ್ರಕ್ಕೆ ಕ್ಯಾಮೆರಾ ಹಿಡಿದಿದ್ದ ಹಳೆಯ ಗೆಳೆಯನನ್ನೇ ಊಟಕ್ಕೆ ಕರೆದ. ಊಟವಾಯಿತು, ಟೀವಿ ಹಾಕಿದ. ಚಿತ್ರವಿದ್ದ ಜಾಗದಲ್ಲಿ ಬೂದು ಚೌಕ. "ಸದ್ಯಕ್ಕೆ ಲಭ್ಯವಿಲ್ಲ."

ಮಗಳಿಗೆ ಫೋನ್ ಮಾಡಿದ.

"ಆ ಸಿನಿಮಾ ತೋರಿಸೋ ಲೈಸೆನ್ಸ್ ಮುಗಿದಿರುತ್ತಪ್ಪಾ."

"ಎಲ್ಲಿಗೆ ಹೋಯ್ತು ಮತ್ತೆ?"

"ಎಲ್ಲಿಗೂ ಹೋಗಿಲ್ಲ. ಇರಲ್ಲ, ಅಷ್ಟೇ."

ಗೆಳೆಯ ಸಮಾಧಾನ ಹೇಳಿ ಹೊರಟ. ಸೌಂಡಪ್ಪ ಆ ಬೂದು ಚೌಕವನ್ನೇ ಒತ್ತುತ್ತ ಕೂತ. ಮರುದಿನವೂ ಒತ್ತಿದ. ಆಮೇಲೆ, ಹೆಂಡತಿಯ ಕಡೆ ನೋಡದೆ ಕೇಳಿದ: "ಆ ಡಿಸ್ಕ್... ಗುಜರಿಗೆ ಹೋಯ್ತಲ್ವಾ?"

"ನೀವೇ ಕೊಡು ಅಂದ್ರಲ್ಲ."

"ಹೂಂ. ಅಂದಿದ್ದೆ."

ಆ ಹೂಂನಲ್ಲಿ ಜಗಳದ ಎಳೆಯೇ ಇರಲಿಲ್ಲ. ಟೈಲರಮ್ಮನಿಗೆ ಹೆದರಿಕೆಯಾಯಿತು. ಎದ್ದು ಹೋಗಿ ಬಟ್ಟೆಯ ಮಡಿಕೆಗೆ ಕೈ ಹಾಕಿದಳು.

೬

ಮುಕ್ತಾಯ ಅ: ಡಿಸ್ಕ್ ಓಡುತ್ತದೆ, ಕೆಮ್ಮು ಬರುತ್ತದೆ, ಅವನು ಅವಳ ಕೈ ಹಿಡಿಯುತ್ತಾನೆ. (ಟೈಲರಮ್ಮ: "ಆ ಮನುಷ್ಯ ರಸ್ತೆ ದಾಟುವಾಗ್ಲೂ ಕೈ ಹಿಡಿದೋರಲ್ಲ.")

ಮುಕ್ತಾಯ ಆ: ಸರಿಯಾಗಿ ಆ ಜಾಗದಲ್ಲೇ ಡಿಸ್ಕಿಗೆ ಗೀರು ಬಿದ್ದಿರುತ್ತದೆ. (ಸೌಂಡಪ್ಪ ನನ್ನೊಡನೆ ಆಡಿದ ಮೊದಲ ಮಾತು: "ಇದು ಜೋಕಾ?")

ಮೂರನೆಯದಕ್ಕೆ ನಾನು ತಿಣುಕುತ್ತಿರುವಾಗ ಅವರೇ ಡಿಸ್ಕ್ ಹಾಕಿಕೊಂಡು ಕೂತಿದ್ದರು. ತಾಯಿ ಹಾಸಿಗೆ ಹಿಡಿದಳು. ಆ ದೃಶ್ಯ ಶುರುವಾಗುತ್ತಿದ್ದಂತೆ ಸೌಂಡಪ್ಪ ರಿಮೋಟ್ ಒತ್ತಿ ನಿಲ್ಲಿಸಿದ.

"ನಂಗೆ ಅವತ್ತೇ ಕೇಳಿಸಿತ್ತು ಕಣೇ."

"ಏನು?"

"ಕೆಮ್ಮು. ಹೆಡ್‌ಫೋನ್ ಹಾಕಿದ್ನಲ್ಲ. ಕಟ್ ಅಂದ ಮೇಲೆ ಎಲ್ರೂ ನನ್ನ ಮುಖ ನೋಡಿದ್ರು, ಸೌಂಡ್ ಓಕೆನಾ ಅಂತ. ಓಕೆ ಅಂದ್ಬಿಟ್ಟೆ."

"ಯಾಕೆ?"

"ಇನ್ನೊಂದ್ಸಲ ತೆಗೆದಿದ್ರೆ ಇನ್ನೊಂದ್ಸಲ ಕೆಮ್ತಿದ್ದೆ. ಮನೆಗೆ ಕಳಿಸಿ ಬೇರೆಯವನನ್ನ ಕರೀತಿದ್ರು. ನಂದೇ ಅಂತ ಸಿಕ್ಕಿದ್ದ ಮೊದಲ್ನೇ ಚಿತ್ರ ಅದು."

ಟೈಲರಮ್ಮ ಇಷ್ಟು ವರ್ಷ ಅದನ್ನು ಅವನಿಗೇ ಗೊತ್ತಾಗದೆ ಬಂದ ಕೆಮ್ಮು ಅಂದುಕೊಂಡೇ ಪ್ರೀತಿಸಿದ್ದಳು.

"ಕಳಿಸಿದ್ರೆ ಏನಾಗ್ತಿತ್ತು? ಮನೇಲಿ ಮಲಗಿದ್ರೆ ಆಸ್ಪತ್ರೆ ಸೇರೋ ಗತಿ ಬರ್ತಿತ್ತಾ? ಹೋಗ್ಬೇಡಿ ಅಂತ ಅವತ್ತು ಬಾಗಿಲಿಗೆ ಅಡ್ಡ ನಿಂತಿದ್ದೆ. ನೆನಪಿದೆಯಾ?"

"ಇದೆ."

"ಇದೆಯಂತೆ! ಆ ಡಾಕ್ಟರ ಎದುರು ಒಬ್ಬಳೇ ನಿಂತೋಳು ನಾನು. ನೀವಲ್ಲ!"

ಜಗಳ ಹತ್ತಿಕೊಂಡಿತು. ಟೀವಿಯಲ್ಲಿ ತಾಯಿ ಸಾಯಲೂ ಆಗದೆ, ಏಳಲೂ ಆಗದೆ ಕಣ್ಣು ಅರೆತೆರೆದು ಮಲಗಿದ್ದಾಳೆ. ಓದುಗರು ಕಾಯುತ್ತಿದ್ದಾರೆ, ಆ ರಿಮೋಟನ್ನು ಒಂದು ಸಲ ಒತ್ತಿ, ನನಗೊಂದು ಕೊನೆ ಬೇಕು ಎಂದೆ.

"ನೀವು ಸ್ವಲ್ಪ ಸುಮ್ನಿರಿ," ಎಂದಳು ಟೈಲರಮ್ಮ, ನನ್ನ ಕಡೆ ತಿರುಗದೆ. "ನಾವಿನ್ನೂ ಮಾತಾಡ್ತಿದೀವಿ."